ಲಕ್ಕಮ್ಮ ಹೇಳಿ ಬರೆಸಿದ್ದು

ಐ.ಡಿ.ಹಳ್ಳಿಯಿಂದ ಒಂದೂವರೆ ಮೈಲಿ ಒಳಕ್ಕಿರುವ ಊರೊಂದರ ಬೈರಪ್ಪನ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ಭಾನುವಾರ ಮಾತ್ರ. ಮಗ ನವೀನ್ ಕುಮಾರನಿಗೆ ಪಾವಗಡದಾಚೆ ಬಲಸಮುದ್ರದ ಹತ್ತಿರ ಸೋಲಾರ್ ಪಾರ್ಕಿನಲ್ಲಿ ಕೆಲಸ. ಅಲ್ಲೇ ಮೂವರು ಸೇರಿ ರೂಮು ಮಾಡಿಕೊಂಡಿದ್ದಾರೆ. ಸೊಸೆ ವನಜಾಕ್ಷಿ ಬೆಳಿಗ್ಗೆ ಏಳಕ್ಕೆ ಮಧುಗಿರಿಯ ಗಾರ್ಮೆಂಟ್ಸ್ ಬಸ್ಸು ಹತ್ತಿದರೆ ಇಳಿಯುವುದು ಸಂಜೆ ಆರೂವರೆಗೆ. ಬೈರಪ್ಪನಿಗೆ ಎರಡು ಹಸು, ಮೂರು ಎಕರೆ ಕಡ್ಲೆಕಾಯಿ ಹೊಲ. ಇನ್ನು ಮನೆ, ಒಲೆ, ಮೂರನೇ ಕ್ಲಾಸಿನ ಮೊಮ್ಮಗಳು ಧನುಶ್ರೀ, ಇಷ್ಟೂ ಬೈರಪ್ಪನ ಹೆಂಡತಿ ಲಕ್ಕಮ್ಮನ ಪಾಲು. ಅದರಲ್ಲಿ ಅವಳಿಗೆ ಬೇಸರವೇನೂ ಇರಲಿಲ್ಲ. ಮೂರು ತಿಂಗಳ ಕೂಸಿನಿಂದ ನೀರು ಹುಯ್ದು ಸಾಕಿದ ಮಗು ಅದು.

ಜುಲೈ ತಿಂಗಳ ಒಂದು ಭಾನುವಾರ ಹುರುಳಿಕಾಳಿನ ಬಸ್ಸಾರು, ಮುದ್ದೆ. ಬೇಗ ಉಂಡು ಎದ್ದ ನವೀನ್ ಮಗಳ ಬ್ಯಾಗು ಬಿಚ್ಚಿ ನೋಟುಪುಸ್ತಕ ನೋಡುತ್ತಿದ್ದಾಗ ಒಂದು ಡ್ರಾಯಿಂಗ್ ಹಾಳೆ ಸಿಕ್ಕಿತು. ಎಡಗೈಯನ್ನು ಹಾಳೆಯ ಮೇಲೆ ಊರಿ ಸುತ್ತ ಪೆನ್ಸಿಲ್ ಎಳೆದಿದ್ದಳು. ಒಂದೊಂದು ಬೆರಳಿನೊಳಗೂ ದುಂಡಗೆ ಏನೋ ಬರೆದಿತ್ತು.

"ಇದೇನವ್ವ ಇದು?"

"ಗೌಸಿಯಾ ಮಿಸ್ ಬರೆಸಿದ್ದು. ನಮಗೇನಾದ್ರೂ ಆದ್ರೆ, ಭಯ ಆದ್ರೆ, ಯಾರ ಹತ್ರ ಹೇಳ್ಬೋದೋ ಅವರ ಹೆಸರು ಬರೀಬೇಕು. ಒಂದು ಬೆರಳಿಗೆ ಒಬ್ರು."

ನವೀನ್ ಎಲ್ಲರಿಗೂ ಕೇಳುವಂತೆ ಓದಿದ. "ಹೆಬ್ಬೆಟ್ಟಿಗೆ ಅಮ್ಮ. ಆಮೇಲೆ ಅಪ್ಪ, ಪರ್ವಾಗಿಲ್ಲ. ಮಧ್ಯದ ಬೆರಳಿಗೆ ಗೌಸಿಯಾ ಮಿಸ್. ಉಂಗುರದ ಬೆರಳಿಗೆ ಈಶ್ವರಮ್ಮ ಆಂಟಿ. ಬಿಸಿಯೂಟ ಮಾಡೋ ಈಶ್ವರಮ್ಮನಾ?"

"ಊಂ."

"ಕಿರುಬೆರಳಿಗೆ ಒಂದು ಸೊನ್ನೆ ಒಂಬತ್ತು ಎಂಟು. ಇವರ್ಯಾರು?"

"ಅದು ಫೋನ್ ನಂಬರು. ಮಕ್ಕಳಿಗೇಂತ ಇರೋದು. ದುಡ್ಡು ಬೀಳಲ್ವಂತೆ."

ಕೈ ತೊಳೆಯುತ್ತಿದ್ದ ಬೈರಪ್ಪ ನಕ್ಕ. "ಸರಿ ಹೋಯ್ತು. ಫೋನ್ ನಂಬರ್‌ಗೆ ಒಂದು ಬೆರಳು ಸಿಕ್ತು, ನಂಗೂ ಇಲ್ಲ, ನಿಮ್ಮಜ್ಜಿಗೂ ಇಲ್ಲ."

"ಹೌದಲ್ಲ. ಅಜ್ಜಿ ಎಲ್ಲವ್ವಾ?" ಅಂದ ನವೀನ್.

ಧನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಬೆರಳು ಸಾಲ್ಲಿಲ್ಲ" ಅಂದಳು.

ಎಲ್ಲರೂ ನಕ್ಕರು. ಲಕ್ಕಮ್ಮನೂ ನಕ್ಕು ಮಗನ ಲೋಟಕ್ಕೆ ಮಜ್ಜಿಗೆ ಬಗ್ಗಿಸಿದಳು. ಆದರೆ ಸಂಜೆ ಕೊಟ್ಟಿಗೆಯಲ್ಲಿ ಹಾಲು ಕರೆದು ಬಂದವಳು ಪಾತ್ರೆಯನ್ನು ಕುಕ್ಕಿದ ಸದ್ದಿಗೆ ಸೊಸೆಗೆ ವಿಷಯ ಗೊತ್ತಾಯಿತು.

"ಮಗು ಅತ್ತೆ ಅದು. ಮನಸಿಗೆ ಹಚ್ಕೋಬೇಡಿ."

"ನಾನ್ಯಾಕೆ ಹಚ್ಕೊಳ್ಳಿ. ಸೌಟು ಹಿಡಿಯೋ ಈಶ್ವರಮ್ಮ ಬೆರಳು ಹತ್ತವ್ಳೆ. ತಲೆ ಬಾಚೋಳು, ಜ್ವರ ಬಂದ್ರೆ ಎದೆ ಮ್ಯಾಲೆ ಮಲಗಿಸ್ಕೊಳ್ಳೋಳು ನಾನು ಯಾವ ಲೆಕ್ಕ. ಅಲ್ಲ, ಇಸ್ಕೂಲಲ್ಲಿ ಮಗ್ಗಿ ಕಲಿಸೋದು ಬುಟ್ಟು ಇದೆಲ್ಲ ಯಾಕಂತೆ?"

"ಕಲಿಸ್ಲಿ ಬುಡಿ. ನಮಗೆ ಯಾರು ಕಲಿಸಿದ್ರು? ಬಸ್ಸಲ್ಲಿ ಯಾವನಾದ್ರೂ ಮೈ ಮೇಲೆ ಬಿದ್ರೂ ಕಿಟಕಿ ಕಡೆ ನೋಡ್ಕೊಂಡು ಕೂತಿರೋದೊಂದು ಕಲಿತಿದ್ವಿ."

ಲಕ್ಕಮ್ಮ ಹಾಲಿನ ಕ್ಯಾನು ಎತ್ತಿಕೊಂಡು ಡೈರಿ ಕಡೆ ಹೊರಟಳು. ದಿನಾ ಆ ಕೆಲಸ ಬೈರಪ್ಪನದು.

ಮುಂದಿನ ಶನಿವಾರ ಶಾಲೆಯಲ್ಲಿ ಪೋಷಕರ ಸಭೆ. ವನಜಾಕ್ಷಿಗೆ ರಜೆ ಸಿಗದ ಕಾರಣ ಲಕ್ಕಮ್ಮನೇ ಹೋದಳು. ಹತ್ತು ಹದಿನೈದು ಹೆಂಗಸರು, ಮೂರು ನಾಲ್ಕು ಗಂಡಸರು ಚಾಪೆಯ ಮೇಲೆ ಕೂತಿದ್ದರು. ಗೌಸಿಯಾ ಮಿಸ್ ಶಿರಾದವರು. ಮಧುಗಿರಿಯಲ್ಲಿ ಮನೆ ಮಾಡಿಕೊಂಡು ಸ್ಕೂಟರಿನಲ್ಲಿ ಬಂದುಹೋಗುತ್ತಿದ್ದರು. ಮೆಲ್ಲಗೆ ಮಾತಾಡುವ ಹೆಂಗಸು. ಗೋಡೆಗೆ ಒಂದು ಚಿತ್ರಪಟ ತೂಗುಹಾಕಿ, ಮಕ್ಕಳಿಗೆ ಏನು ಹೇಳಿಕೊಟ್ಟಿದ್ದೇನೆ ಅನ್ನುವುದನ್ನು ಸಂಕೋಚವಿಲ್ಲದೆ ವಿವರಿಸಿದರು. ಮೈಯಲ್ಲಿ ಯಾವ ಜಾಗ ಬೇರೆಯವರು ಮುಟ್ಟಬಾರದು. ಇಷ್ಟವಾಗದಿದ್ದರೆ ಬೇಡ ಅನ್ನಬೇಕು, ಅಲ್ಲಿಂದ ಬಂದುಬಿಡಬೇಕು, ಬಂದು ಯಾರಿಗಾದರೂ ಹೇಳಬೇಕು.

ಹಿಂದೆ ಕೂತಿದ್ದ ಒಬ್ಬ ಮುದುಕ, "ಇದೆಲ್ಲ ಪ್ಯಾಟೆ ಮಕ್ಕಳಿಗೆ ಸರಿ ಕಣಮ್ಮ. ನಮ್ಮೂರಾಗೆ ಗುರ್ತಿಲ್ಲದೋರು ಯಾರವ್ರೆ? ಎಲ್ಲಾ ನೆಂಟ್ರೆಯ" ಅಂದ.

"ಗುರ್ತಿಲ್ಲದೋರ ಹತ್ರ ಮಕ್ಕಳು ಹೋಗೋದೇ ಇಲ್ಲ ಯಜಮಾನ್ರೆ" ಅಂದರು ಗೌಸಿಯಾ ಮಿಸ್. "ಗುರ್ತಿರೋರ ಹತ್ರ ತಾನೆ ಹೋಗೋದು. ನಾನು ನಿಮ್ಮನ್ನ ಕೇಳ್ಕೊಳ್ಳೋದು ಒಂದೇ. ಮಗು ಬಂದು ಏನಾದ್ರೂ ಹೇಳಿದ್ರೆ ಕೈಲಿರೋ ಕೆಲಸ ಬಿಟ್ಟು ಕೇಳಿ. ಮೊದಲನೇ ಸಲ ಗದರಿಸಿ ಕಳಿಸಿದ್ರೆ ಅದು ಎರಡನೇ ಸಲ ಬರಲ್ಲ."

ಸಭೆ ಮುಗಿದು ಎಲ್ಲರೂ ಟೀ ಕುಡಿಯುತ್ತಿದ್ದಾಗ ಲಕ್ಕಮ್ಮ ಹೊಲದಲ್ಲಿ ಕಳೆ ಇದೆ ಎಂದು ಎದ್ದು ಬಂದಳು.

ಏಪ್ರಿಲ್‌ನಲ್ಲಿ, ಬೇಸಿಗೆ ರಜೆಗೆ, ಅವಳು ಧನುವನ್ನು ಕರೆದುಕೊಂಡು ಕೊರಟಗೆರೆ ಕಡೆಯ ತನ್ನ ತವರಿಗೆ ಹೋಗಿದ್ದಳು. ತವರು ಅಂದರೆ ಈಗ ತಮ್ಮ ಸಣ್ಣರಂಗಯ್ಯನ ಮನೆ. ಮನೆಯ ಮಗ್ಗುಲಲ್ಲೇ ಅವನ ಹಿಟ್ಟಿನ ಮಿಷನ್ನು. ಅದಕ್ಕೇ ಧನು ಅವನನ್ನು ಮಿಷನ್ ತಾತ ಅನ್ನುತ್ತಿದ್ದಳು. ಎಂಟು ದಿನಕ್ಕೆಂದು ಹೋದವರು. ಐದನೇ ದಿನ ಹಿತ್ತಲಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಮಗು, "ಅಜ್ಜಿ, ನಾನು ಮಿಷನ್ ತಾತನ ಹತ್ರ ಹೋಗಲ್ಲ. ಬಾಗ್ಲು ಹಾಕ್ಕೊಂತಾರೆ. ಬೇಡ ಅಂದ್ರೂ ಬುಡಲ್ಲ. ಯಾರ್ಗೂ ಹೇಳ್ಬೇಡ ಅಂತಾರೆ" ಎಂದು ಹೇಳಿತ್ತು. ಲಕ್ಕಮ್ಮನ ಕೈ ಒಂದು ಗಳಿಗೆ ನಿಂತಿತ್ತು. ಆಮೇಲೆ ಜಡೆಯನ್ನು ಬಿಗಿಯಾಗಿ ಎಳೆದು, "ಥೂ, ಅಂಗನ್ಬಾರ್ದು. ತಾತ ಮುದ್ದು ಮಾಡಿರ್ತಾನೆ. ನಿಮ್ಮಮ್ಮನ ತಾವ ಇದನ್ನ ಅಂದೀಯಾ, ಮನೇಲಿ ಜಗಳ ಆಗ್ತದೆ" ಅಂದಿದ್ದಳು.

ಮಾರನೆಯ ಬೆಳಿಗ್ಗೆಯೇ ಹಸುವಿಗೆ ಹುಷಾರಿಲ್ಲವಂತೆ ಎಂಬ ನೆಪ ಹೇಳಿ ಬಸ್ಸು ಹತ್ತಿದ್ದಳು. ಮುದ್ದು ಮಾಡಿದ್ದು ಅಂತ ನಂಬಿದ್ದರೆ ಇನ್ನೆರಡು ದಿನ ಇದ್ದೇ ಬರುತ್ತಿದ್ದಳು. ಇದನ್ನು ಅವಳು ಈ ಮೂರು ತಿಂಗಳಲ್ಲಿ ಬೇಕೆಂದೇ ಯೋಚಿಸಿರಲಿಲ್ಲ.

ಆಗಸ್ಟ್ ಮೊದಲ ವಾರ ಸಣ್ಣರಂಗಯ್ಯನ ಫೋನು ಬಂತು. ಎತ್ತಿದವನು ಬೈರಪ್ಪ.

"ಏನಪ್ಪ ರಂಗಯ್ಯ... ಅಂಗಾ? ಬಾ ಬಾ, ನಿನ್ ಮನೆಗೆ ನೀನು ಬರೋಕೆ ಕೇಳ್ಬೇಕಾ" ಎಂದು ಮಾತಾಡಿ ಇಟ್ಟು, ಒಲೆಯ ಕಡೆ ತಿರುಗಿ ಹೇಳಿದ. "ಗೌರಿ ಹಬ್ಬಕ್ಕೆ ನಿನ್ ತಮ್ಮನೇ ಸೀರೆ ತಗೊಂಡು ಬತ್ತಾನಂತೆ. ಎರಡು ದಿನ ಇದ್ದು ಹೋಯ್ತೀನಿ ಅಂದ. ಮಧುಗಿರೀಲಿ ಮೋಟ್ರು ರಿಪೇರಿದು ಏನೋ ಕೆಲಸ ಐತಂತೆ."

ಮೂವತ್ತಾರು ವರ್ಷ ಒಂದು ಗೌರಿ ಹಬ್ಬವೂ ತಪ್ಪದೆ ತವರಿನ ಅರಿಸಿನ ಕುಂಕುಮ ಬಂದಿತ್ತು. ಅಪ್ಪ ಅಮ್ಮ ಹೋದ ಮೇಲೂ ಸಣ್ಣರಂಗಯ್ಯ ನಿಲ್ಲಿಸಿರಲಿಲ್ಲ. ನವೀನನ ಬಾಣಂತನ ಆದದ್ದು ಆ ಮನೆಯಲ್ಲಿ. ಬೈರಪ್ಪ ಕಾಲು ಮುರಿದುಕೊಂಡು ಮಲಗಿದ್ದಾಗ ಇಲ್ಲಿಗೆ ಬಂದು ಉತ್ತು ಬಿತ್ತಿದವನು ಅವನೇ. ಚಿಕ್ಕವನಿದ್ದಾಗ ಲಕ್ಕಮ್ಮ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದಳು.

ಧನು ಬಾಗಿಲ ಹತ್ತಿರ ಮಗ್ಗಿ ಬರೆಯುತ್ತಿದ್ದವಳು, "ಹಬ್ಬಕ್ಕೆ ಇನ್ನು ಎಷ್ಟು ದಿನ ತಾತ?" ಎಂದು ಕೇಳಿದಳು.

"ಇಪ್ಪತ್ತು ದಿನ ಐತೆ. ಯಾಕೆ, ಹೊಸ ಲಂಗ ಬೇಕಾ?"

ಮಗು ಪುಸ್ತಕ ಮುಚ್ಚಿ ಒಳಗೆ ಹೋಯಿತು. ಅವತ್ತು ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯಿತು. ಆಮೇಲಿನ ಎರಡು ದಿನ ಹಾಸಿಗೆ ಒದ್ದೆ. ನಾಲ್ಕು ವರ್ಷದಿಂದ ಇಲ್ಲದ್ದು. ವನಜಾಕ್ಷಿ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ, "ನೀರು ಜಾಸ್ತಿ ಕುಡಿದು ಮಲಗ್ಬೇಡ ಅಂದ್ರೆ ಕೇಳಲ್ಲ" ಎಂದು ಗೊಣಗಿಕೊಂಡೇ ದುಪ್ಪಟಿ ನೆನೆಹಾಕಿ ಹೋದಳು. ಒಗೆದವಳು ಲಕ್ಕಮ್ಮ.

ಮೂರನೇ ದಿನ, ಬುಧವಾರ, ಹಿಟ್ಟು ಮುಗಿದಿತ್ತು. ಮಿಷನ್ನಿಗೆ ಹಾಕಿಸಲು ರಾಗಿ ತೆಗೆಯಲೆಂದು ಲಕ್ಕಮ್ಮ ಹಿಂದಿನ ಕೋಣೆಗೆ ಹೋದಳು. ಎರಡು ದೊಡ್ಡ ತಗಡಿನ ಡ್ರಮ್ಮು ಗೋಡೆಯ ಮೂಲೆಗಿದ್ದವು. ಮೊರ ಜಾರಿ ಹಿಂದಕ್ಕೆ ಬಿತ್ತು. ಬಗ್ಗಿ ಕೈ ಹಾಕಿದರೆ ಮೊರಕ್ಕೆ ಮೊದಲು ಒಂದು ಗೋಣಿಚೀಲ ಸಿಕ್ಕಿತು, ಮಡಚಿ ಹಾಸಿದ್ದು. ಅದರ ಮೇಲೆ ಶಾಲೆಗೆ ಒಯ್ಯುವ ನೀರಿನ ಬಾಟಲು, ತುಂಬಿಸಿಟ್ಟದ್ದು. ಒಡೆಯದ ಎರಡು ಬಿಸ್ಕತ್ತು ಪೊಟ್ಟಣ. ಧನುವಿನ ಹಳೆಯ ಸ್ವೆಟರು.

ಆಟಕ್ಕೆ ಇಟ್ಟುಕೊಂಡಿರಬೇಕು ಅಂದುಕೊಂಡಳು. ಶಾಲೆಯಿಂದ ಬಂದ ಮೇಲೆ ಕೇಳಿದಳು.

"ಡ್ರಮ್ಮಿನ ಹಿಂದೆ ಯಾಕವ್ವ ಮನೆ ಮಾಡ್ಕೊಂಡಿದ್ದೀಯ?"

ಧನು ಬ್ಯಾಗು ಇಳಿಸಲಿಲ್ಲ. "ಅದನ್ನ ತೆಗೆದುಬುಟ್ಟಾ ಅಜ್ಜಿ?"

"ಇಲ್ಲ. ಅಂಗೇ ಐತೆ. ಯಾಕೆ ಅಂತ ಕೇಳ್ದೆ."

"ಮಿಷನ್ ತಾತ ಬಂದಾಗ ಅಲ್ಲಿರ್ತೀನಿ. ಎರಡು ದಿನ ತಾನೆ. ಎರಡು ಬಿಸ್ಕತ್ತು ಸಾಕಾಗ್ತದೆ." ಬ್ಯಾಗಿನ ಪಟ್ಟಿ ಹಿಡಿದುಕೊಂಡೇ ಮಗು ಹೇಳಿತು: "ನೀನು ಹೇಳ್ಬೇಡ ಅಂದಿದ್ಯಲ್ಲ ಅಜ್ಜಿ, ನಾನು ಅಮ್ಮಂಗೆ ಹೇಳಿಲ್ಲ. ಗೌಸಿಯಾ ಮಿಸ್‌ಗೂ ಹೇಳಿಲ್ಲ."

ಲಕ್ಕಮ್ಮ ಹೊಸಿಲ ಮೇಲೆ ಕೂತುಬಿಟ್ಟಳು. ಕೂತವಳು ಮಗುವಿನ ಬ್ಯಾಗು ಇಳಿಸಿ ಪಕ್ಕಕ್ಕಿಟ್ಟು, ಎರಡೂ ಕೈ ಹಿಡಿದುಕೊಂಡಳು.

"ನಿಂದೇನೂ ತಪ್ಪಿಲ್ಲ ಕಣವ್ವ. ನಾನು ಅಂಗೆ ಅಂದಿದ್ದು ತಪ್ಪು. ನೀನು ಎಲ್ಲೂ ಬಚ್ಚಿಟ್ಕೋಬೇಡ. ಅವನು ಈ ಮನೆಗೆ ಬರಲ್ಲ."

"ತಾತ ಬಾ ಅಂದವ್ರೆ."

"ನಾನು ಬ್ಯಾಡ ಅಂತೀನಿ."

ಧನು ಅಜ್ಜಿಯ ಮುಖವನ್ನು ನೋಡಿದಳು. ನಂಬಿದಳೋ ಇಲ್ಲವೋ ಲಕ್ಕಮ್ಮನಿಗೆ ತಿಳಿಯಲಿಲ್ಲ. ಎದ್ದು ಕಡ್ಲೆಬೀಜ ಹುರಿದು ಬೆಲ್ಲ ಹಾಕಿ ಕೊಟ್ಟಳು. ಮಗು ತಿಂದಿತು.

ಆರೂವರೆಗೆ ವನಜಾಕ್ಷಿ ಬಂದು ಬಟ್ಟೆ ಬದಲಿಸಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಾಲು ತೊಳೆಯುತ್ತಿದ್ದಾಗ ಲಕ್ಕಮ್ಮ ಹೋಗಿ ನಿಂತು ಎಲ್ಲ ಹೇಳಿದಳು. ಡ್ರಮ್ಮಿನ ಹಿಂದಿನದು, ಅದಕ್ಕೆ ಮುಂಚಿನದು, ಹಿತ್ತಲಲ್ಲಿ ತಾನು ಅಂದದ್ದು. ಸೊಸೆ ಚೊಂಬು ಹಿಡಿದುಕೊಂಡೇ ಕೇಳಿದಳು.

"ಏಪ್ರಿಲ್‌ನಿಂದ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ನಾನು ದಿನಾ ಅವಳನ್ನ ನಿಮ್ ಕೈಗೆ ಕೊಟ್ಟು ಬಸ್ಸು ಹತ್ತುತಿದ್ದೆ."

ವನಜಾಕ್ಷಿ ಒಳಗೆ ಹೋಗಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ಮೆಲ್ಲಗೆ ಮಾತಾಡಿದಳು. ಆಮೇಲೆ ಗಂಡನಿಗೆ ಫೋನು ಮಾಡಿದಳು, ಆಮೇಲೆ ಗೌಸಿಯಾ ಮಿಸ್‌ಗೆ. ಲಕ್ಕಮ್ಮ ಮಾಡಿಟ್ಟಿದ್ದ ಸಾರು ಮುಟ್ಟದೆ, ತನಗೂ ಮಗಳಿಗೂ ಬೇರೆ ಅನ್ನ ಮಾಡಿಕೊಂಡಳು. ಮಾರನೆಯ ದಿನ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮಗಳ ಉಪ್ಪಿಟ್ಟು, ತನ್ನ ಡಬ್ಬಿ ಎಲ್ಲ ತಾನೇ ಮಾಡಿದಳು. ಶಾಲೆ ಬಿಟ್ಟ ಮೇಲೆ ಧನು ಈಶ್ವರಮ್ಮನ ಮನೆಯಲ್ಲಿ ಇರಬೇಕು ಎಂದೂ ಹೇಳಿ ಹೋದಳು. ಒಂದೇ ಅಡುಗೆಮನೆಯಲ್ಲಿ ಎರಡು ಅಡುಗೆ ನಡೆಯತೊಡಗಿತು.

ನಡುವೆ ರಜೆ ಸಿಗದೆ ನವೀನ್ ಭಾನುವಾರ ಬಂದ. ಬೈಕು ನಿಲ್ಲಿಸಿದವನು ಒಳಗೆ ಬರಲೂ ಇಲ್ಲ. "ಹೋಗಿ ಅವನ ಕೈಕಾಲು ಮುರಿದು ಬತ್ತೀನಿ" ಅಂದ.

"ಮುರಿದ್ರೆ ಜೈಲಿಗೆ ಹೋಗೋನು ನೀನು" ಅಂದಳು ವನಜಾಕ್ಷಿ. "ಗೌಸಿಯಾ ಮಿಸ್ ಹೇಳವ್ರೆ. ಅವರಿಗೆ ಗೊತ್ತಾದ ಮೇಲೆ ಅವರು ಕಂಪ್ಲೇಂಟ್ ಕೊಡ್ಲೇಬೇಕಂತೆ. ನಾವೂ ಬತ್ತೀವಿ, ಸೋಮವಾರ ಹೋಗಾನ ಅಂದಿದ್ದೀನಿ. ಲೇಡಿ ಇನ್‌ಸ್ಪೆಕ್ಟರೇ ಇಸ್ಕೂಲಿಗೆ ಬಂದು ಮಗೂನ ಕೇಳ್ತಾರಂತೆ, ಪೊಲೀಸ್ ಬಟ್ಟೆ ಹಾಕ್ಕೊಳ್ದೆ."

ಬೈರಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಠಾಣೆ ಗೀಣೆ ಏನೂ ಬ್ಯಾಡ. ನಾಕು ಜನ ಹಿರೀಕರನ್ನ ಕರ್ಕೊಂಡು ಹೋಗಿ ಅವನಿಗೆ ಬುದ್ಧಿ ಹೇಳಾನ. ನಾಳೆ ಈ ಹುಡುಗಿ ಮದುವೆ ಮಾಡೋದು ಬ್ಯಾಡ್ವಾ?"

"ಅದಿನ್ನೂ ಮೂರನೇ ಕ್ಲಾಸು ಮಾವ."

"ಊರೋರ ಬಾಯಿಗೆ ಯಾವ ಕ್ಲಾಸಾದ್ರೇನು."

"ಹಿರೀಕರು ಬುದ್ಧಿ ಹೇಳಿ ಬಂದ ಮ್ಯಾಲೆ ಅವನ ಮಿಷನ್ನು ಮುಚ್ತದಾ? ಆ ಊರ ಮಕ್ಕಳು ರಾಗಿ ತಗೊಂಡು ಹೋಗೋದು ಅಲ್ಲಿಗೇ" ಅಂದ ನವೀನ್.

ಲಕ್ಕಮ್ಮ ಬಾಗಿಲ ಪಕ್ಕ ನಿಂತು ಕೇಳುತ್ತಿದ್ದಳು. ಒಳಗೆ ಹೋಗಿ ಗಂಡನ ಫೋನು ತಂದು ಮಗನ ಕೈಗೆ ಕೊಟ್ಟಳು.

"ನಿಮ್ ಮಾವಂಗೆ ಹಚ್ಚು. ಎಲ್ರಿಗೂ ಕೇಳೋ ಅಂಗೆ ಇಡು."

ಎರಡು ಸಲ ರಿಂಗಾಗುವಷ್ಟರಲ್ಲಿ ಸಣ್ಣರಂಗಯ್ಯ ಎತ್ತಿದ. ಹಿಂದೆ ಮಿಷನ್ನಿನ ಸದ್ದು. "ಭಾವ, ಹೇಳಿ" ಅಂದ.

"ನಾನು ಕಣೋ ರಂಗ. ಹಬ್ಬಕ್ಕೆ ನೀನು ಬರ್ಬೇಡ."

"ಯಾಕಕ್ಕ, ಏನಾಯ್ತು?"

"ಏನಾಯ್ತು ಅಂತ ನಿಂಗೆ ಗೊತ್ತು. ಮಗು ನಂಗೆ ಹೇಳೈತೆ."

ಮಿಷನ್ನಿನ ಸದ್ದು ನಿಂತಿತು. "ಮಗೂನ ಎತ್ತಿ ಆಡಿಸಿದ್ದೂ ತಪ್ಪಾ? ಯಾರೋ ಇಸ್ಕೂಲಲ್ಲಿ ಏನೋ ತಲೆಗೆ ತುಂಬವ್ರೆ. ಅದನ್ನ ಕಟ್ಕೊಂಡು ನೀನು..."

"ಅದು ಇಸ್ಕೂಲಲ್ಲಿ ಹೇಳ್ಕೊಡೋಕೆ ಮುಂಚೇನೇ ಹೇಳಿತ್ತು. ನಾನು ಮುಚ್ಚಾಕಿದ್ದೆ."

"ಯೋಚ್ನೆ ಮಾಡು ಅಕ್ಕಯ್ಯ. ಇದೇ ಮಾತು ನಿಂದಾದ್ರೆ ತವರು ಇಲ್ಲ ಅನ್ಕೋಬೇಕಾಗ್ತದೆ."

"ಅನ್ಕೊಂಡೆ" ಅಂದಳು ಲಕ್ಕಮ್ಮ. ಮಗನ ಕಡೆ ನೋಡಿ ಇಡು ಎಂಬಂತೆ ತಲೆ ಆಡಿಸಿದಳು.

ಬೈರಪ್ಪ ಹಸು ಹೊಡೆದುಕೊಂಡು ಬರುತ್ತೇನೆಂದು ಹೊರಟುಹೋದ. ಹಸುಗಳು ಕೊಟ್ಟಿಗೆಯಲ್ಲೇ ಇದ್ದವು.

ಸೋಮವಾರ ಗೌಸಿಯಾ ಮಿಸ್, ನವೀನ್, ವನಜಾಕ್ಷಿ ಮಧುಗಿರಿಗೆ ಹೋಗಿ ದೂರು ಕೊಟ್ಟು ಬಂದರು. ಮಂಗಳವಾರ ಇಬ್ಬರು ಹೆಂಗಸರು ಬಂದರು. ಒಬ್ಬರು ಚೂಡಿದಾರ ಹಾಕಿದ್ದ ಸಬ್ ಇನ್‌ಸ್ಪೆಕ್ಟರು, ಇನ್ನೊಬ್ಬರು ಮಕ್ಕಳ ರಕ್ಷಣೆಯ ಕಚೇರಿಯವರು. ನಲಿ-ಕಲಿ ಕೋಣೆಯಲ್ಲಿ ಧನುವಿನ ಜೊತೆ ವನಜಾಕ್ಷಿಯನ್ನೂ ಕೂರಿಸಿಕೊಂಡು ಮಾತಾಡಿದರು. ಮುಕ್ಕಾಲು ಗಂಟೆಯಾದ ಮೇಲೆ ಮಗು ಹೊರಗೆ ಬಂದು, ನಲ್ಲಿಯಲ್ಲಿ ನೀರು ಕುಡಿದು, ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಯರ ಹತ್ತಿರ ಹೋಯಿತು.

ಆಮೇಲೆ ಲಕ್ಕಮ್ಮನನ್ನು ಕರೆದರು. ಬೈರಪ್ಪ ಅಲ್ಲಿಯವರೆಗೂ ಶಾಲೆಯ ಗೇಟಿನ ಹತ್ತಿರ ನಿಂತಿದ್ದವನು ಪಕ್ಕಕ್ಕೆ ಬಂದು, "ಗೊತ್ತಾಗಿದ್ದು ಹೋದ್ ಬುಧವಾರ ಅನ್ನು. ಹಿಂದಿಂದು ಹೇಳಕ್ಕೋಗ್ಬೇಡ. ಮುಚ್ಚಿಟ್ಟಿದ್ದೂ ತಪ್ಪಾಗ್ತದಂತೆ, ನಿನ್ನೂ ಸೇರಿಸ್ಕೊಂಡಾರು" ಎಂದು ಪಿಸುಗುಟ್ಟಿದ.

ಸಣ್ಣ ಕುರ್ಚಿ. ಲಕ್ಕಮ್ಮ ಅಂಚಿನಲ್ಲಿ ಕೂತಳು. ಹೆಸರು, ವಯಸ್ಸು, ತಮ್ಮನ ಊರು ಎಲ್ಲ ಕೇಳಿ ಬರೆದುಕೊಂಡ ಮೇಲೆ ಇನ್‌ಸ್ಪೆಕ್ಟರು ಕೇಳಿದರು.

"ನಿಮಗೆ ಯಾವಾಗ ಗೊತ್ತಾಯ್ತಮ್ಮ?"

"ಏಪ್ರಿಲ್‌ನಲ್ಲಿ. ಯುಗಾದಿ ಆಗಿ ಇಪ್ಪತ್ತು ದಿನ ಆಗಿತ್ತು. ತಲೆಗೆ ಎಣ್ಣೆ ಹಚ್ತಿದ್ದೆ, ಆಗ ಹೇಳ್ತು."

ಪೆನ್ನು ನಿಂತಿತು. "ನೀವೇನು ಮಾಡಿದ್ರಿ?"

"ಬಾಯಿ ಮುಚ್ಚಿಸ್ದೆ. ಅವರಮ್ಮಂಗೆ ಹೇಳ್ಬೇಡ ಅಂದೆ."

"ಇದನ್ನೂ ಬರ್ಕೋಬೇಕಾಗುತ್ತೆ."

"ಬರ್ಕೊಳ್ಳಿ. ಅದಕ್ಕೇ ಹೇಳ್ತಿದ್ದೀನಿ. ಇಷ್ಟು ದಿನ ಸುಮ್ನಿದ್ದು ಮಗು ಈಗ್ಯಾಕೆ ಹೇಳ್ತು ಅಂತ ನಾಳೆ ಯಾರಾದ್ರೂ ಕೇಳ್ತಾರೆ. ಅದು ಸುಮ್ನಿರ್ಲಿಲ್ಲ. ಅವತ್ತೇ ಹೇಳಿತ್ತು. ಸುಮ್ನಿದ್ದೋಳು ನಾನು."

ಬರೆದದ್ದನ್ನು ಇನ್‌ಸ್ಪೆಕ್ಟರು ಪೂರ್ತಿ ಓದಿ ಹೇಳಿದರು. ಲಕ್ಕಮ್ಮ ಕೇಳಿಸಿಕೊಂಡು, ರಾತ್ರಿ ಶಾಲೆಯಲ್ಲಿ ಎಂದೋ ಕಲಿತ ನಾಲ್ಕಕ್ಷರದಲ್ಲಿ ನಿಧಾನಕ್ಕೆ ಹೆಸರು ಬರೆದಳು. ತಲೆ ಎತ್ತಿದಾಗ ಬಾಗಿಲಲ್ಲಿ ವನಜಾಕ್ಷಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಅವತ್ತು ಸಂಜೆ ವನಜಾಕ್ಷಿ ಬೇರೆ ಅನ್ನಕ್ಕೆ ಇಡಲಿಲ್ಲ. ಲಕ್ಕಮ್ಮ ಮಾಡಿದ್ದ ಉಪ್ಸಾರನ್ನು ಎಲ್ಲರಿಗೂ ಬಡಿಸಿ ತಾನೂ ಉಂಡಳು. ಮಾತು ಮಾತ್ರ ಬೇಕಾದಷ್ಟೇ.

ಕೇಸು ಕೊರಟಗೆರೆ ಕಡೆಗೆ ಹೋಯಿತು. ಸಣ್ಣರಂಗಯ್ಯನನ್ನು ಕರೆದುಕೊಂಡು ಹೋದರು ಎಂದು ಶುಕ್ರವಾರ ಗೊತ್ತಾಯಿತು. ಶನಿವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಅವನ ಹೆಂಡತಿ ರಾಜಲಕ್ಷ್ಮಮ್ಮ ಬಂದಳು. ಆಧಾರ್ ಕಾರ್ಡು ಕೈಯಲ್ಲೇ ಇತ್ತು, ಬಸ್ಸಿನಲ್ಲಿ ತೋರಿಸಿ ಹಾಗೇ ಹಿಡಿದುಕೊಂಡು ನಡೆದು ಬಂದಿದ್ದಳು. ಜಗಲಿಯ ಮೇಲೆ ಕೂತಳು. ಒಳಗೆ ಬಾ ಅಂದರೂ ಬರಲಿಲ್ಲ. ಲಕ್ಕಮ್ಮ ಕಾಫಿ ತಂದುಕೊಟ್ಟಳು.

"ಕೇಸು ವಾಪಸ್ ತಗೊಳ್ಳಿ ಅಂತ ಹೇಳಿ ಬಾ ಅಂದವ್ನೆ ನನ್ ಮಗ" ಅಂದಳು ರಾಜಲಕ್ಷ್ಮಮ್ಮ.

"ಅದು ಆಗಲ್ಲ ರಾಜಿ."

"ಗೊತ್ತಕ್ಕ. ಹೇಳು ಅಂದವ್ನೆ, ಹೇಳ್ದೆ." ಲೋಟ ತಿರುಗಿಸುತ್ತಾ, "ನನ್ ಮಗಳು ಕೂಸು ಕರ್ಕೊಂಡು ಬಂದಾಗ ನಾನು ಮಿಷನ್ ಕಡೆ ಬುಡ್ತಿರ್ಲಿಲ್ಲ. ಧೂಳು ಐತೆ, ಕೆಮ್ಮು ಬತ್ತದೆ ಅಂತಿದ್ದೆ" ಅಂದಳು.

ಲಕ್ಕಮ್ಮ ಅವಳ ಮುಖ ನೋಡಿದಳು. ಕೋಪ ಬರಬೇಕಿತ್ತು. ಹಸುವಿಗೆ ಹುಷಾರಿಲ್ಲ ಎಂದು ತಾನು ಹೇಳಿ ಬಂದದ್ದು ನೆನಪಾಯಿತು.

"ಯಾರಾದ್ರೂ ಬಂದು ಕೇಳಿದ್ರೆ ಅದನ್ನ ಹೇಳ್ತೀಯಾ?"

"ಆ ಮನೇಲೇ ಇರ್ಬೇಕಲ್ಲಕ್ಕ ನಾನು."

"ಊಂ" ಅಂದಳು ಲಕ್ಕಮ್ಮ. ಬಸ್ಸಿನ ತನಕ ಜೊತೆಗೆ ಹೋಗಿ ಹತ್ತಿಸಿ ಬಂದಳು. ದಾರಿಯಲ್ಲಿ ಇಬ್ಬರೂ ಮಳೆಯ ವಿಷಯ, ಕಡ್ಲೆಕಾಯಿ ಹೂವಿನ ವಿಷಯ ಮಾತಾಡಿದರು.

ಗೌರಿ ಹಬ್ಬದ ದಿನ ತವರಿನಿಂದ ಯಾರೂ ಬರಲಿಲ್ಲ. ಪಕ್ಕದ ಮನೆಗಳಿಗೆ ಅಣ್ಣ ತಮ್ಮಂದಿರು ಚೀಲ ಹಿಡಿದು ಬರುವುದನ್ನು ಲಕ್ಕಮ್ಮ ಒಬ್ಬಟ್ಟು ತಟ್ಟುತ್ತಾ ಕಿಟಕಿಯಿಂದ ನೋಡಿದಳು. ಬೈರಪ್ಪ ಎರಡು ಸಲ ಅಡುಗೆಮನೆಗೆ ಬಂದು ಸುಮ್ಮನೆ ನೀರು ಕುಡಿದು ಹೋದ. ಮೂರನೇ ಸಲ ಬಂದಾಗ, "ಹೂವಿನೋಳು ಬಂದವ್ಳೆ, ಎಷ್ಟು ಮೊಳ ತಗೊಳ್ಳಿ?" ಎಂದು ಕೇಳಿದ. ಹೆಂಡತಿಗೆ ಹೂವು ಎಷ್ಟು ಬೇಕೆಂದು ಅವನು ಕೇಳಿದ್ದು ಅದೇ ಮೊದಲು.

"ಎರಡು ಮೊಳ ಸಾಕು" ಅಂದಳು.

ಹಬ್ಬ ಕಳೆದು ಹತ್ತು ದಿನವಾಗಿರಬಹುದು. ಧನು ಮತ್ತೆ ಶಾಲೆಯಿಂದ ನೇರ ಮನೆಗೆ ಬರುತ್ತಿದ್ದಳು. ವನಜಾಕ್ಷಿಯೇ ಹಾಗೆ ಹೇಳಿದ್ದಳು. ವಾರಕ್ಕೊಂದು ದಿನ ತುಮಕೂರಿನಿಂದ ಒಬ್ಬರು ಮೇಡಂ ಶಾಲೆಗೆ ಬಂದು ಮಗುವಿನ ಜೊತೆ ಮಾತಾಡಿ, ಚಿತ್ರ ಬರೆಸಿ ಹೋಗುತ್ತಿದ್ದರು. ಹಾಸಿಗೆ ಒಂದೊಂದು ದಿನ ಇನ್ನೂ ಒದ್ದೆಯಾಗುತ್ತಿತ್ತು. ಕೋರ್ಟಿಗೆ ಯಾವಾಗ ಕರೆಯುತ್ತಾರೋ ಯಾರಿಗೂ ಗೊತ್ತಿರಲಿಲ್ಲ.

ಸಂಜೆ ಏಳು ಗಂಟೆ. ಲಕ್ಕಮ್ಮ ಎಸರಿಗೆ ಹಿಟ್ಟು ಹಾಕಿ ಕೋಲಿನಿಂದ ತಿರುವಲು ಶುರು ಮಾಡಿದ್ದಳು. ಧನು ಬಂದು ಕಂಬಕ್ಕೆ ಒರಗಿ ನಿಂತಳು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಕಾಲು ಬದಲಿಸಿದಳು.

"ಅಜ್ಜಿ, ಒಂದು ಹೇಳ್ಲಾ? ಬಯ್ಯಲ್ಲ ತಾನೆ?"

ಹಿಟ್ಟು ತಿರುವುವಾಗ ಕೈ ಬಿಟ್ಟರೆ ಗಂಟಾಗುತ್ತದೆ. ಲಕ್ಕಮ್ಮ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಗ್ಯಾಸು ಆರಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ನೆಲದ ಮೇಲೆ ಕೂತಳು.

"ಹೇಳವ್ವ."

"ಇವತ್ತು ನಾನು ಎರಡು ಮೊಟ್ಟೆ ತಿಂದೆ. ಒಬ್ರಿಗೆ ಒಂದೇ ಕೊಡೋದು. ಈಶ್ವರಮ್ಮ ಆಂಟಿ ಆ ಕಡೆ ತಿರುಗಿದಾಗ ಇನ್ನೊಂದು ತಗೊಂಡೆ. ಆಮೇಲೆ ಒಂದು ಕಮ್ಮಿ ಬಂತು ಅಂತ ಆಂಟಿ ಹುಡುಕ್ತಾ ಇದ್ರು. ತಮ್ಮ ಮೊಟ್ಟೇನ ಯಾರಿಗೋ ಕೊಟ್ಬುಟ್ರು."

"ಅಷ್ಟೇನಾ?"

"ಅಷ್ಟೇ."

"ಹೊಟ್ಟೆ ಹಸಿದಿತ್ತಾ?"

"ಇಲ್ಲ. ಸುಮ್ನೆ ತಿನ್ಬೇಕು ಅನ್ಸ್ತು."

"ಸರಿ. ನಾಳೆ ಇಬ್ರೂ ಹೋಗಿ ಈಶ್ವರಮ್ಮಂಗೆ ಹೇಳಾನ. ನಾನೂ ಬತ್ತೀನಿ."

"ಆಂಟಿ ಬಯ್ತಾರಾ?"

"ಬಯ್ದ್ರೆ ಒಂದ್ಸಲ ಬಯ್ಸ್ಕೊಳ್ಳಾನ."

ಧನು ಸ್ವಲ್ಪ ಯೋಚಿಸಿ ಆಗಲಿ ಎಂದು ತಲೆ ಆಡಿಸಿ, ಹಸುವಿನ ಕರು ನೋಡಲು ಓಡಿದಳು. ಲಕ್ಕಮ್ಮ ಗ್ಯಾಸು ಹಚ್ಚಿ ಕೋಲು ಹಿಡಿದಳು. ಎಷ್ಟು ತಿರುವಿದರೂ ಹಿಟ್ಟು ಹದಕ್ಕೆ ಬರಲಿಲ್ಲ. ಅವತ್ತು ರಾತ್ರಿ ತಟ್ಟೆಗೆ ಬಿದ್ದ ಮುದ್ದೆಯನ್ನು ಬೈರಪ್ಪ ಬೆರಳಿನಿಂದ ಒತ್ತಿ ನೋಡಿ, "ಇದೇನು ಇಷ್ಟು ಗಂಟು? ಮದುವೆ ಆಗಿ ಬಂದಾಗಲೂ ನೀನು ಇಂಗೆ ಮಾಡಿರ್ಲಿಲ್ಲ" ಅಂದ.

"ನಡುವೆ ಒಲೆ ಆರಿಸ್ದೆ" ಅಂದಳು ಲಕ್ಕಮ್ಮ. "ಸಾರು ಜಾಸ್ತಿ ಹಾಕ್ಕೊಂಡು ನುಂಗಿ."